ಕೂಸಿನ ಓರೆ ಕತ್ತು: ನಾವು ಮನೆಯಲ್ಲಿ ಮಾಡಬೇಕಾದ ಆರೈಕೆ

(ಮುಂಬಯಿಯಲ್ಲಿ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತನ್ನು ಇಲ್ಲಿ ಪ್ರತಿ ತಿಂಗಳೂ ಆಡುತ್ತೇವೆ. ಇಂದು ನಮ್ಮ ತೊಟ್ಟಿಲಿನ ಕಡೆಗೂ ಸ್ವಲ್ಪ ನೋಡೋಣ.

ಕೆಲವು ಕೂಸುಗಳ ತಲೆ ಹುಟ್ಟಿದ ಕೆಲವೇ ವಾರಗಳಲ್ಲಿ ಒಂದು ಭುಜದ ಕಡೆಗೆ ವಾಲಿ, ಗದ್ದ ಇನ್ನೊಂದು ಕಡೆಗೆ ತಿರುಗಿರುತ್ತದೆ. ಡಾಕ್ಟರರು ಇದನ್ನು ಟಾರ್ಟಿಕೋಲಿಸ್ ಎನ್ನುತ್ತಾರೆ. ಕಿವಿಯ ಹಿಂದಿನಿಂದ ಎದೆಯೆಲುಬಿಗೆ ಇಳಿಯುವ ಸ್ನಾಯು ಒಂದು ಬದಿಯಲ್ಲಿ ಬಿಗಿದಿರುವುದೇ ಸಾಮಾನ್ಯ ಕಾರಣ. ಇದು ದೃಷ್ಟಿಯಲ್ಲ, ಗ್ರಹಣದ ದೋಷವಲ್ಲ. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

"ದೊಡ್ಡದಾದರೆ ತಾನೇ ಸರಿಹೋದೀತು" ಎಂದು ನಾವು ದಿನ ದೂಡುತ್ತೇವೆ. ಕೆಡುವುದು ಅಲ್ಲಿಯೇ. ಮೊದಲ 3 ತಿಂಗಳೊಳಗೆ ಆರೈಕೆ ಹಿಡಿದರೆ ಬಹುತೇಕ ಕೂಸುಗಳು ಶಸ್ತ್ರಕ್ರಿಯೆಯಿಲ್ಲದೆ ಗುಣವಾಗುತ್ತವೆ. ತಡವಾದಷ್ಟೂ ಸ್ನಾಯು ಸಡಿಲಲು ಹೆಚ್ಚು ಕಾಲ ಬೇಕು. ಒಂದೇ ಮಗ್ಗುಲಿಗಿಟ್ಟ ತಲೆಯೂ ಚಪ್ಪಟೆಯಾಗುತ್ತದೆ.

ಮೊದಲು ಡಾಕ್ಟರರಿಗೆ ತೋರಿಸಬೇಕು. ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ, ಕೆ.ಇ.ಎಂ. ಇದೆ. ಕಣ್ಣಿನ ಅಥವಾ ಎಲುಬಿನ ದೋಷದಿಂದಲೂ ಕತ್ತು ಓರೆಯಾಗಬಹುದು. ಸೊಂಟದ ಕೀಲನ್ನೂ ಪರೀಕ್ಷಿಸಲು ಕೇಳಿರಿ. ಉಳುಕು ತೆಗೆಯುತ್ತೇವೆಂದು ಕತ್ತು ತಿರುಚುವವರ ಕೈಗೆ ಮಾತ್ರ ಕೂಸನ್ನು ಕೊಡಬೇಡಿರಿ.

ಬಲಗಡೆಯ ಸ್ನಾಯು ಬಿಗಿದಿದೆಯೆನ್ನೋಣ. ತಲೆ ಬಲಕ್ಕೆ ವಾಲಿ, ಮುಖ ಎಡಕ್ಕೆ ತಿರುಗಿರುತ್ತದೆ. ಆಗ ಗಿಲಕಿ, ಮಾತು, ನಮ್ಮ ಮುಖ ಎಲ್ಲವೂ ಕೂಸಿನ ಬಲಕ್ಕೆ ಬರಬೇಕು. ನಮ್ಮ ಖೋಲಿಯಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಗಿಲು. ಕೂಸು ನೋಡುವುದು ಬಾಗಿಲನ್ನೇ. ಬಾಗಿಲು ಅದರ ಬಲಕ್ಕೆ ಬರುವಂತೆ ತಲೆಯ ದಿಕ್ಕು ಬದಲಿಸಿ ಮಲಗಿಸಿರಿ. ನಿದ್ದೆಯಲ್ಲಿ ಯಾವಾಗಲೂ ಅಂಗಾತವೇ ಇರಲಿ. ಸಾಸಿವೆಯ ದಿಂಬೂ ಸೇರಿ ಯಾವ ದಿಂಬೂ ಬೇಡ.

ಎಚ್ಚರವಿದ್ದಾಗ ದಿನಕ್ಕೆ 2-3 ಸಲ, 3ರಿಂದ 5 ನಿಮಿಷ, ಚಾಪೆಯ ಮೇಲೋ ನಮ್ಮ ಎದೆಯ ಮೇಲೋ ಬೋರಲು ಮಲಗಿಸಿ, ಪಕ್ಕದಲ್ಲೇ ಕುಳಿತಿರಬೇಕು. ತಲೆಯೆತ್ತುವಾಗ ಕತ್ತು, ಬೆನ್ನು, ತೋಳು ಎಲ್ಲವೂ ಬಲಿಯುತ್ತವೆ.

ಇನ್ನು ಕತ್ತಿನ ವ್ಯಾಯಾಮ. ಗದ್ದವನ್ನು ಮೆಲ್ಲಗೆ ಬಲಭುಜದ ಕಡೆಗೆ ತಿರುಗಿಸುವುದು ಒಂದು. ಬಲಭುಜವನ್ನು ಹಿಡಿದು, ಎಡಗಿವಿಯನ್ನು ಎಡಭುಜದತ್ತ ವಾಲಿಸುವುದು ಇನ್ನೊಂದು. ಎಷ್ಟು ಹೊತ್ತು, ಎಷ್ಟು ಸಲವೆಂಬುದನ್ನು ಆಸ್ಪತ್ರೆಯ ಫಿಸಿಯೋಥೆರಪಿಯವರಿಂದ ಕಲಿತು, ಅವರೆದುರಿಗೆ ಒಮ್ಮೆ ಮಾಡಿ ತೋರಿಸಿಯೇ ಮನೆಯಲ್ಲಿ ಆರಂಭಿಸಿರಿ. ಕೂಸು ಬಿಗಿದು ಅತ್ತರೆ ಅಲ್ಲಿಗೆ ಬಿಡಬೇಕು. ಜಗ್ಗುವಂತಿಲ್ಲ.

ಭುಜಕ್ಕೊಬ್ಬರು, ತಲೆಗೊಬ್ಬರು ಇದ್ದರೆ ಈ ಕೆಲಸ ಸುಲಭ. ಹೋಟೆಲಿನಲ್ಲಿ ದಿನಕ್ಕೆ ನೂರು ಲೋಟ ಚೆಲ್ಲದೆ ಹಿಡಿಯುವ ಕೈ ನಮ್ಮದು. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಕೂಸಿನ ಭುಜವನ್ನೂ ಹಿಡಿಯಲಿ.