ಮಿದುಳಿಗೆ ಪೆಟ್ಟಾದ ಮಕ್ಕಳು ಮತ್ತು ಮನೆಮಾತು

ನನ್ನ ಅಕ್ಕನ ಮನೆ ಇರುವುದು ತಾಳವಾಡಿ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಕಚೇರಿ ಕಾಲೇಜುಗಳಲ್ಲಿ ತಮಿಳು. ನಿಮ್ಮಲ್ಲಿ ಬಹುಮಂದಿಯ ಮನೆಯೂ ಹೀಗೆಯೇ. ತಮಿಳಿನ ಜಾಗದಲ್ಲಿ ಮಲಯಾಳವೋ ಮರಾಠಿಯೋ ತೆಲುಗೋ ಇದ್ದೀತು, ಅಷ್ಟೇ. ಅಕ್ಕನ ಮಗ ಈರೋಡಿನಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದ. ಹತ್ತೊಂಬತ್ತು ವರ್ಷ. 2022ರಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಬರುವಾಗ ಬಿದ್ದು ತಲೆಯ ಎಡಭಾಗಕ್ಕೆ ಪೆಟ್ಟು ಮಾಡಿಕೊಂಡ. ಹೆಲ್ಮೆಟ್ ಹಾಕಿರಲಿಲ್ಲ. ಆ ವಿಷಯ ಹೇಳಿ ಹೇಳಿ ನನ್ನ ಬಾಯಿ ಸೋತಿದೆ, ಇವತ್ತು ಅದು ಬೇಡ.

ಆಪರೇಷನ್ ಆಯಿತು, ಜೀವ ಉಳಿಯಿತು. ಹನ್ನೊಂದು ದಿನ ಎಚ್ಚರವಿರಲಿಲ್ಲ. ಕಣ್ಣುಬಿಟ್ಟ ಮೇಲೆ ಬಲಗೈ ಏಳಲಿಲ್ಲ, ಮಾತೂ ಹೊರಡಲಿಲ್ಲ. ನಾಲ್ಕನೆಯ ದಿನ ಅವನ ಬಾಯಿಂದ ಬಂದ ಮೊದಲ ಮಾತು 'ತಣ್ಣಿ'. ಅಕ್ಕ ನೀರು ಕುಡಿಸಿ, ಹೊರಗೆ ವರಾಂಡಕ್ಕೆ ಬಂದು ಅತ್ತಳು. "ಇಷ್ಟು ವರ್ಷ ನೀರು ಅಂತ ಕೇಳ್ದ ಮಗ ಈಗ ನನ್ನ ಯಾರೋ ಬೇರೇರು ಅನ್ನೋ ಹಂಗೆ ಕೇಳ್ತಾನಲ್ಲಪ್ಪ" ಎಂದಳು. ಊರಿನಿಂದ ನೋಡಲು ಬಂದವರಲ್ಲಿ ಒಬ್ಬರು ಗಾಳಿ ಮೆಟ್ಟಿದೆ ಎಂದರು, ಇನ್ನೊಬ್ಬರು ಕನ್ನಡ ಇನ್ನು ಬರುವುದಿಲ್ಲ ಎಂದರು.

ಎರಡೂ ಸುಳ್ಳು. ಎರಡು ಭಾಷೆ ಬಲ್ಲವರ ಮಿದುಳಿಗೆ ಪೆಟ್ಟಾದಾಗ ಯಾವ ಭಾಷೆ ಮೊದಲು ಮರಳುತ್ತದೆ ಎಂಬ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. ಫ್ರಾನ್ಸಿನ ರಿಬೋ ಎಂಬ ವಿದ್ವಾಂಸ 1881ರಲ್ಲಿ, ಮೊದಲು ಕಲಿತ ಭಾಷೆಯೇ ಗಟ್ಟಿಯಾಗಿ ಉಳಿಯುತ್ತದೆ ಎಂಬ ಅರ್ಥದ ಮಾತು ಹೇಳಿದ. ಅದೇ ದೇಶದ ವೈದ್ಯ ಪಿತ್ರ್ 1895ರಲ್ಲಿ ಬೇರೆ ಹೇಳಿದ: ಕಾಯಿಲೆಗೆ ಮುಂಚೆ ಯಾವುದನ್ನು ಹೆಚ್ಚಾಗಿ ಆಡುತ್ತಿದ್ದರೋ ಅದು ಮೊದಲು ಬರುತ್ತದೆ. ಆಮೇಲೆ ಕಂಡುಬಂದದ್ದು, ಬಹಳ ಜನರಲ್ಲಿ ಎರಡೂ ಭಾಷೆಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಸುಧಾರಿಸುತ್ತವೆ. ಕೆಲವರಲ್ಲಿ ಮಾತ್ರ ಒಂದು ಮುಂದೆ, ಒಂದು ಹಿಂದೆ. ನಮ್ಮ ಹುಡುಗ ಹಾಸ್ಟೆಲಿನಲ್ಲಿ ಎರಡು ವರ್ಷ ಹಗಲೂ ರಾತ್ರಿ ತಮಿಳು ಆಡಿದವನು. ತಣ್ಣಿ ಎಂದದ್ದರಲ್ಲಿ ತಾಯಿಯನ್ನು ಮರೆತ ಮಾತೇನೂ ಇರಲಿಲ್ಲ.

ಆದರೆ ಆಸ್ಪತ್ರೆಯಲ್ಲಿ ಒಂದು ತಪ್ಪು ನಡೆಯಿತು. ಮಾತಿನ ಪರೀಕ್ಷೆ ಮಾಡಿದವರಿಗೆ ತಮಿಳು ಮಾತ್ರ ಗೊತ್ತು. ಹಸುವಿನ ಚಿತ್ರ ತೋರಿಸಿದರು. ಇವನು ತಡವರಿಸಿ 'ಹಸ' ಎಂದ. ಅವರು ತಪ್ಪು ಎಂದು ಗೀಟು ಹಾಕಿದರು. ಸೌಟಿನ ಚಿತ್ರಕ್ಕೂ ಹಾಗೆಯೇ ಆಯಿತು. ನಾಯಿಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೆಸರು, ಅಲ್ಲಿ ಪಾಸಾದ! ಒಟ್ಟಿನಲ್ಲಿ ಕಾಗದದ ಮೇಲೆ ಅವನಿಗೆ ಉಳಿದ ಮಾತು ನಿಜವಾಗಿ ಉಳಿದದ್ದಕ್ಕಿಂತ ಬಹಳ ಕಡಿಮೆ ಎಂದು ದಾಖಲಾಯಿತು. ಅವರದ್ದು ದುರುದ್ದೇಶವಲ್ಲ. ನಾವೂ ಬಾಯಿಬಿಟ್ಟು ಹೇಳಲಿಲ್ಲ, ಮನೆಯ ಮಾತು ಕನ್ನಡ ಎಂದು. ಎರಡು ಭಾಷೆಯವರನ್ನು ಎರಡರಲ್ಲಿಯೂ ಪರೀಕ್ಷಿಸಬೇಕೆಂದೇ ಕೆನಡಾದ ಮಿಷೆಲ್ ಪಾರಾದಿ ಎಂಬವರು ರೂಪಿಸಿದ ಪರೀಕ್ಷೆಯೊಂದಿದೆ. ಅದು ಕನ್ನಡದಲ್ಲಿಯೂ ಇದೆ ಎಂದು ನನಗೆ ತಿಳಿದದ್ದು ಆಮೇಲೆ.

ಮನೆಗೆ ಕರೆತಂದೆವು. ಚಿಕಿತ್ಸೆ ವಾರಕ್ಕೆರಡು ಸಲ ಬೇಕು, ತಿಂಗಳುಗಟ್ಟಲೆ ಬೇಕು. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವು. ತಲೆ ನೋವಿನ ಹುಡುಗ ಅಲ್ಲಿ ಮುಟ್ಟುವ ಹೊತ್ತಿಗೆ ವಾಂತಿ ಮಾಡಿ ಸುಸ್ತಾಗಿರುತ್ತಿದ್ದ, ಮಾತೆಲ್ಲಿ ಹೊರಡಬೇಕು? ಕಡೆಗೆ ಮೈಸೂರಿಗೆ ಹೋದೆವು. ಅಲ್ಲಿಯ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ದೂರದವರಿಗೆ ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ವ್ಯವಸ್ಥೆಯೂ ಅಲ್ಲುಂಟು. ಮೊದಲು ಎದುರಿಗೆ ಕೂರಿಸಿಕೊಂಡು ನೋಡಿ, ಆಮೇಲೆ ಫೋನಿನಲ್ಲಿ ಮುಂದುವರಿಸೋಣ ಎಂದರು.

ಫೋನಿನಲ್ಲಿ ಏನು ಚಿಕಿತ್ಸೆ ಎಂದು ಭಾವ ನಕ್ಕರು. ನಾನೂ ಒಳಗೊಳಗೇ ನಕ್ಕಿದ್ದೆ. ಮೊದಲ ದಿನ ಆ ಹೆಣ್ಣುಮಗಳು, "ಅಮ್ಮಾ, ಫೋನನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ" ಎಂದರು. ಒಲೆ, ಮೊರ, ಸೌಟು, ರಾಗಿ ಡಬ್ಬ ಒಂದೊಂದನ್ನೂ ಅವನ ಕೈಗೆ ಕೊಡಿಸಿದರು, ಅದೂ ಬಲಗೈಗೆ. ಹೆಸರು ಬಾರದಿದ್ದರೆ ಮೊದಲ ಅಕ್ಷರ ಕೊಡುವುದು; ಆಗಲೂ ಬಾರದಿದ್ದರೆ, ಇದರಲ್ಲಿ ಏನು ಮಾಡುತ್ತೇವೆ ಎಂದು ಕೇಳುವುದು. ತಮಿಳಿನಲ್ಲಿ ಹೇಳಿದರೆ ಸರಿ ಎಂದೇ ಒಪ್ಪಿಕೊಂಡು, ಮನೆಯಲ್ಲಿ ಏನನ್ನುತ್ತೀಯಪ್ಪ ಎಂದು ಇನ್ನೊಂದು ಸಲ ಕೇಳುವುದು. ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಮೂರು ವಾರದಲ್ಲಿ ಇಷ್ಟನ್ನೂ ಕಲಿತಳು. ವಾರಕ್ಕೆರಡು ಸಲ ಅರ್ಧ ಗಂಟೆ ಚಿಕಿತ್ಸಕಿಯದು, ಉಳಿದ ದಿನವೆಲ್ಲ ಅಕ್ಕನದು. ಆಸ್ಪತ್ರೆಯ ಕೋಣೆಯಲ್ಲಿ ಕಾಣದ ಸಂಗತಿಗಳೂ ಅವರಿಗೆ ಕಂಡವು. ಬಚ್ಚಲಿನ ಹೊಸ್ತಿಲು ಎತ್ತರ, ಅಲ್ಲಿ ಎಡವುತ್ತಾನೆ, ಗೋಡೆಗೆ ಹಿಡಿ ಹಾಕಿಸಿ ಎಂದು ಅವರೇ ಹೇಳಿದರು.

ಮಾತು ಬರುತ್ತಾ ಬಂದಂತೆ ಸಿಟ್ಟೂ ಬಂತು. ತಟ್ಟೆ ಎಸೆಯುವನು, ತಂಗಿಯನ್ನು ಬೈಯುವನು. ಕೊಬ್ಬು ಎಂದರು ಊರಿನವರು. ಮಿದುಳಿನ ಪೆಟ್ಟಿನಲ್ಲಿ ಇದು ಕಾಯಿಲೆಯ ಭಾಗ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಶಾರಿ ವೇಡ್ ಎಂಬ ಮನೋವಿಜ್ಞಾನಿ ಇಂಥ ಹದಿಹರೆಯದವರ ಮನೆಮಂದಿಗೆ ಕಂಪ್ಯೂಟರ್ ಮೂಲಕ ತರಬೇತಿ ಕೊಡುವ ಕ್ರಮವನ್ನು ಬೆಳೆಸಿದರು. ಮೊದಮೊದಲ ಪ್ರಯೋಗಗಳಲ್ಲಿ ಕಂಪ್ಯೂಟರ್ ಇಲ್ಲದ ಮನೆಗೆ ಅವರೇ ಕೊಟ್ಟದ್ದುಂಟು. ಜಗಳದ ಸಂಗತಿ ಒಂದನ್ನು ಹಿಡಿದು, ನಮಗೆ ಬೇಕಾದ್ದೇನು ಎಂದು ನಿಶ್ಚಯಿಸಿ, ಇರುವ ದಾರಿಗಳನ್ನೆಲ್ಲ ಹೇಳಿಕೊಂಡು, ಒಂದನ್ನು ಆರಿಸಿ, ಮಾಡಿನೋಡಿ, ಫಲಿಸಿತೇ ಎಂದು ಮತ್ತೆ ಕೂತು ಮಾತಾಡುವುದು. ಎಲ್ಲ ಮಕ್ಕಳಿಗೂ ಒಂದೇ ಸಮನಾಗಿ ಗುಣ ಕಾಣಲಿಲ್ಲ. ನಮ್ಮ ಮನೆಯಲ್ಲಿ ಇದನ್ನೇ ಒಂದಿಷ್ಟು ಮಾಡಿದೆವು: ಸಂಜೆ ದಣಿದಾಗಲೇ ಸಿಟ್ಟು ಬರುತ್ತದೆಂದು ತಿಳಿದು, ಮಧ್ಯಾಹ್ನ ಒಂದು ಗಂಟೆ ಟಿವಿ ಆರಿಸಿ ಮಲಗಿಸತೊಡಗಿದೆವು. ತಟ್ಟೆಗಳು ಉಳಿದವು.

ಫೋನಿನಿಂದ ಆಗದ ಕೆಲಸವೂ ಇದೆ. ಕೈಕಾಲಿನ ಬಿಗಿತವನ್ನು ಮುಟ್ಟಿಯೇ ನೋಡಬೇಕು. ನುಂಗುವಾಗ ಕೆಮ್ಮು ಬಂದರೆ ಎದುರಿಗೇ ತೋರಿಸಬೇಕು. ನಿಲ್ಲುವ, ನಡೆಯುವ ಅಭ್ಯಾಸಕ್ಕೆ ಪಕ್ಕದಲ್ಲಿ ಗಟ್ಟಿ ಆಳು ಬೇಕು. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದ ಮಂಪರು ಬಂದರೆ, ಫಿಟ್ಸ್ ಬಂದರೆ ವಿಡಿಯೋ ಕರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಇನ್ನು ಸಿಗ್ನಲ್ಲಿನ ಕಥೆ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಹುಡುಗನನ್ನು ಶಾಲೆಯ ದಿಬ್ಬದವರೆಗೆ ನಡೆಸಿಕೊಂಡು ಹೋಗಿ ಪಾಠ ಮಾಡಿಸಿದ್ದೇವೆ. ಕಾಲಿಗೂ ವ್ಯಾಯಾಮವಾಯಿತೆಂದು ಆ ಚಿಕಿತ್ಸಕಿಗೆ ಖುಷಿ.

ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಆಸ್ಪತ್ರೆಗೆ ಹೋದ ಮೊದಲ ದಿನವೇ ಚೀಟಿಯಲ್ಲಿ ಬರೆಸಿ: ಮನೆಯ ಮಾತು ಯಾವುದು, ಶಾಲೆಯ ಮಾತು ಯಾವುದು, ಗೆಳೆಯರೊಡನೆ ಯಾವುದು, ಓದು ಬರಹ ಯಾವುದರಲ್ಲಿ. ಬಿಡುಗಡೆಯ ದಿನ ಸ್ಕ್ಯಾನಿನ ವರದಿ, ಔಷಧಿಯ ಪಟ್ಟಿ ಕೇಳಿ ತೆಗೆದುಕೊಳ್ಳಿ. ಗಡಿಯಾಚೆಯ ಚಿಕಿತ್ಸಕರು ಮೊದಲು ಕೇಳುವುದು ಅದನ್ನೇ.

ನಮ್ಮ ಹುಡುಗ ಪಾಲಿಟೆಕ್ನಿಕ್ಕಿಗೆ ಮರಳಲಿಲ್ಲ. ಬಲಗೈಯಲ್ಲಿ ನಿಧಾನವಾಗಿ ಬರೆಯುತ್ತಾನೆ, ತೋಟದ ಕೋಸಿನ ಲೆಕ್ಕ ನೋಡುತ್ತಾನೆ. ದಲ್ಲಾಳಿಯ ಹತ್ತಿರ ತಮಿಳು, ತಾಯಿಯ ಹತ್ತಿರ ಕನ್ನಡ, ದಣಿದಾಗ ಎರಡೂ ಕಲಸುಮೇಲೋಗರ. ಅಕ್ಕನಿಗೆ ಈಗ ನೀರೂ ಸರಿ, ತಣ್ಣಿಯೂ ಸರಿ. ಈ ಭಾಷಣದಲ್ಲಿ ತನ್ನ ವಿಷಯ ಹೇಳಬಹುದೇ ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ಮಾತು ಹುಡುಕಿ, "ಹೇಳು ಮಾವ, ಹೆಸರು ಬ್ಯಾಡ" ಎಂದ.