ಜಾಮೀನು ನಿಲ್ಲುವವರು ಯಾರು?

(ಕ್ರಿಸ್ತರಾಜರ ಮಹೋತ್ಸವದ ಪ್ರಬೋಧನೆ)



ಜಗದ್ಗುರು ಹನ್ನೊಂದನೇ ಪಯಸ್‌ರವರು 1925ರಲ್ಲಿ ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ರಾಜರೆಂದರೆ ಸಿಂಹಾಸನ, ಕಿರೀಟ ನೆನಪಾಗುತ್ತವೆ. ಆದರೆ ಇಂದು ಸಂತ ಲೂಕರ ಶುಭಸಂದೇಶ ನಮಗೆ ತೋರಿಸಿದ್ದು ಶಿಲುಬೆಯನ್ನು, ಅದರ ಎಡಬಲದಲ್ಲಿ ಇಬ್ಬರು ಅಪರಾಧಿಗಳನ್ನು. ಅವರಲ್ಲೊಬ್ಬನಿಗೆ ಯೇಸುಸ್ವಾಮಿ ಅಂದೇ ಪರಂಧಾಮದ ಭರವಸೆ ಕೊಟ್ಟರು. ಆ ಕಳ್ಳನ ಕಥೆ ನಮಗೆಲ್ಲ ಇಷ್ಟ. ಅವನು ಅಲ್ಲೇ ಸತ್ತುಹೋದದ್ದರಿಂದಲೂ ಇಷ್ಟವಾಗುತ್ತದೆಯೇನೋ! ಒಂದು ವೇಳೆ ಅವನು ಶಿಲುಬೆಯಿಂದಿಳಿದು, ಗಾಯ ವಾಸಿಮಾಡಿಕೊಂಡು, ಸೋಮವಾರ ಬೆಳಿಗ್ಗೆ ಕೆಲಸ ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದಿದ್ದರೆ?

ಅಂಥವರು ಬರುತ್ತಾರೆ. ಶಿವಮೊಗ್ಗದ ಕೇಂದ್ರ ಕಾರಾಗೃಹದಿಂದ ಬಿಡುಗಡೆಯಾದವರು ಸಾಗರ, ಹೊಸನಗರ, ತೀರ್ಥಹಳ್ಳಿಯ ಬಸ್ಸು ಹತ್ತಿ ಊರಿಗೆ ಬರುತ್ತಾರೆ. ಅವರಿಗಿಂತ ಮೊದಲೇ ಸುದ್ದಿ ಬಂದಿರುತ್ತದೆ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಅರ್ಧ ಮೈಲಿಯಿದ್ದರೂ ಸುದ್ದಿಗೆ ದೂರವಿಲ್ಲ. ಈಗ ಅಡಿಕೆ ಕೊಯ್ಲಿನ ಕಾಲ. ಕೊನೆಗಾರರು ಸಿಗುವುದಿಲ್ಲ, ಸುಲಿಯಲು ಜನರಿಲ್ಲ ಎಂದು ನಾವು ಪೂಜೆ ಮುಗಿದ ಕೂಡಲೇ ದೇವಾಲಯದ ಮುಂದೆ ನಿಂತು ಗೋಳಾಡುತ್ತೇವೆ. ಆದರೂ ಆ ಒಬ್ಬನನ್ನು ಮಾತ್ರ ಯಾರೂ ಕರೆಯುವುದಿಲ್ಲ.

ನಾವೂ ಹಾಗೆ ಮಾಡಿದ್ದೇವೆ. ಜೈಲಿನಿಂದ ಬಂದ ಯುವಕನೊಬ್ಬ ಒಮ್ಮೆ ತೋಟದ ಕೆಲಸ ಕೇಳಿಕೊಂಡು ಗುರುಗಳ ಮನೆಗೆ ಬಂದ. ಊಟ ಕೊಟ್ಟೆವು, ಬಸ್ ಚಾರ್ಜಿಗೆ ದುಡ್ಡು ಕೊಟ್ಟೆವು, ನಿನಗಾಗಿ ಪ್ರಾರ್ಥಿಸುತ್ತೇವೆ ಎಂದೂ ಹೇಳಿದೆವು. ಕೆಲಸ ಮಾತ್ರ ಕೊಡಲಿಲ್ಲ. ಜನ ಏನೆನ್ನುತ್ತಾರೋ ಎಂಬ ಅಳುಕು. ಅವನು ಊಟ ಮಾಡಿ, ದುಡ್ಡನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಆ ನೋಟು ಇಂದಿಗೂ ನಮ್ಮ ಕಣ್ಣಮುಂದಿದೆ.

ಜೈಲಿಗೆ ಹೋದವರೆಲ್ಲ ಅಪರಾಧಿಗಳೆಂದು ತಿಳಿಯುವುದೂ ತಪ್ಪು. 2022ರ ಕೊನೆಗೆ ಭಾರತದ ಕಾರಾಗೃಹಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ತೀರ್ಪೇ ಬಂದಿರಲಿಲ್ಲ. ತಪ್ಪು ಸಾಬೀತಾದವರ ವಿಷಯದಲ್ಲೂ ಕಾನೂನು ಕೆಲವೊಮ್ಮೆ ನಮಗಿಂತ ಉದಾರಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಂತೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಬಿಟ್ಟುಕಳುಹಿಸಿದವನಿಗೆ ಶಿಕ್ಷೆಯ ಜೊತೆ ಬರುವ ಅನರ್ಹತೆ ತಗಲಬಾರದೆಂದು 12ನೇ ಕಲಮು ಹೇಳುತ್ತದೆ. ಊರಿನ ಬಾಯಿಗೆ ಅಂಥ ಕಲಮು ಗೊತ್ತಿಲ್ಲ.

ನಮ್ಮ ಕಾಡುಗಳಲ್ಲಿ ಬಂದೂಕು ಹಿಡಿದವರು ಓಡಾಡಿದ ದಿನಗಳನ್ನು ಹೊಸನಗರ, ತೀರ್ಥಹಳ್ಳಿಯವರು ಮರೆತಿಲ್ಲ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ಅಂಥವರ ಪುನರ್ವಸತಿಗೆ ಸರ್ಕಾರದ ಪ್ಯಾಕೇಜ್ ಇದೆ. ಒಳ್ಳೆಯದೇ. ಆದರೆ ಬೈಕು ಕದ್ದು ಆರು ತಿಂಗಳು ಒಳಗಿದ್ದು ಬಂದ ಹುಡುಗನಿಗೆ ಅಂಥ ಪ್ಯಾಕೇಜ್ ಇಲ್ಲ. ಅವನ ಪರವಾಗಿ ಯಾರಾದರೂ ಒಂದು ಮಾತು ಹೇಳಬೇಕು, ಅಷ್ಟೇ.

ಸಂತ ಪೌಲರು ಆ ಮಾತು ಹೇಳಿದರು. ಫಿಲೆಮೋನನಿಗೆ ಬರೆದ ಪತ್ರ ಒಂದೇ ಅಧ್ಯಾಯದ್ದು, ಮನೆಗೆ ಹೋಗಿ ಓದಿ. ಯಜಮಾನನನ್ನು ಬಿಟ್ಟುಹೋಗಿದ್ದ ಗುಲಾಮ ಒನೇಸಿಮನನ್ನು ಮರಳಿ ಕಳುಹಿಸುವಾಗ, ಅವನನ್ನು ಸಹೋದರನಂತೆ ಸ್ವೀಕರಿಸಬೇಕೆಂದು ಪೌಲರು ಬೇಡುತ್ತಾರೆ. ಅವನಿಂದ ನಷ್ಟವಾಗಿದ್ದರೆ ತಾವೇ ತುಂಬಿಕೊಡುವುದಾಗಿ ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಬರೆಯುವಾಗ ಅವರೂ ಸೆರೆಯಲ್ಲಿದ್ದರು! ನಷ್ಟದ ಮಾತನ್ನು ಅವರು ಮುಚ್ಚಿಡಲಿಲ್ಲ, ಗಮನಿಸಿ. ಕಳವಿನಿಂದ, ಹೊಡೆತದಿಂದ ನೊಂದ ಮನೆಯವರೂ ನಮ್ಮ ನಡುವೆ ಇದೇ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅವರ ನೋವನ್ನು ಮರೆತು ಕ್ಷಮೆಯ ವಿಷಯ ಆಡಿದರೆ ಅದು ಬರೀ ಬಾಯಿಮಾತು. ಕೆಲಸಕ್ಕೆ ಬಂದವನ ಕೈಗೆ ಮೊದಲ ದಿನವೇ ತಿಜೋರಿಯ ಬೀಗದ ಕೈ ಕೊಡಿ ಎಂದೂ ನಾವು ಹೇಳುತ್ತಿಲ್ಲ. ಎಲ್ಲರಿಗೆ ಕೊಡುವ ದಿನಗೂಲಿಯನ್ನೇ ಅವನಿಗೂ ಕೊಡಿ. ಜೈಲಿಗೆ ಹೋಗಿಬಂದವನೆಂದು ಐವತ್ತು ರೂಪಾಯಿ ಮುರಿಯಬೇಡಿ. ಊಟಕ್ಕೆ ಬೇರೆ ಕೂರಿಸಬೇಡಿ. ಅಡಿಕೆ ಸುಲಿಯುವಲ್ಲಿ ಯಾರಾದರೂ ಹಳೆಯದನ್ನು ಕೆದಕಿದರೆ ಮನೆಯ ಯಜಮಾನ ಅಥವಾ ಯಜಮಾನಿ ಅಲ್ಲಿಗೇ ತಡೆಯಲಿ.

ಜಗದ್ಗುರು ಫ್ರಾನ್ಸಿಸ್‌ರವರು 2024ರ ಡಿಸೆಂಬರ್ 24ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಜ್ಯೂಬಿಲಿಯ ಪವಿತ್ರ ದ್ವಾರವನ್ನು ತೆರೆದರು. ಎರಡೇ ದಿನಗಳ ನಂತರ ರೋಮಿನ ರೆಬಿಬಿಯ ಕಾರಾಗೃಹಕ್ಕೆ ಹೋಗಿ ಅಲ್ಲಿಯೂ ಒಂದು ದ್ವಾರವನ್ನು ತೆರೆದರು. ನಮ್ಮ ಪಾಲಿಗೆ ಉಳಿದಿರುವುದು ತೋಟದ ದಣಪೆ, ಅಂಗಡಿಯ ಬಾಗಿಲು, ಗ್ಯಾರೇಜಿನ ಷಟರ್.

ಬಲಿಪೂಜೆಯ ನಂತರ ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿರುತ್ತೇವೆ. ಕೊಯ್ಲಿಗೆ, ಸುಲಿಯುವುದಕ್ಕೆ, ಅಂಗಡಿಗೆ ಕೆಲಸದವರು ಬೇಕಾದವರು ಹೆಸರು ಬರೆಸಿ. ಕೆಲಸಕ್ಕೆ ಬರುವವರ ಹೆಸರಾಗಲಿ, ಅವರ ಕೇಸಿನ ವಿವರವಾಗಲಿ ಅದರಲ್ಲಿ ಇರುವುದಿಲ್ಲ. ಜಾಮೀನುದಾರರ ಸಾಲಿನಲ್ಲಿ ಮೊದಲ ಸಹಿಯನ್ನು ನಾವೇ ಹಾಕಿದ್ದೇವೆ.