ಸೀಟಿ ಯಾರ ಕೈಯಲ್ಲಿದೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ನಿವೃತ್ತ ಕಾಲೇಜು ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆ, ಹೊಡೆತ-ಬಡಿತದ ವಿಷಯ ಮಾತಾಡಲು ಸೇರುವ ನಾವು ಇವತ್ತು ಆಟದ ವಿಷಯ ಎತ್ತಿಕೊಂಡಿದ್ದೇವೆ. ಮನೆ ನಡೆಸುವುದೇ ಕಷ್ಟವಾಗಿರುವಾಗ ಓಟ, ಕಬಡ್ಡಿ ಯಾರಿಗೆ ಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಊರಿನ ಶಾಲೆಯನ್ನು ನೆನಪು ಮಾಡಿಕೊಳ್ಳಿ. ಆರನೇ, ಏಳನೇ ತರಗತಿಯವರೆಗೆ ಹುಡುಗಿಯರು ಹುಡುಗರ ಸರಿಸಮಕ್ಕೆ ಓಡುತ್ತಾರೆ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಖೋಖೋ ಗೆದ್ದು, ತಾಲ್ಲೂಕಿಗೆ ಹೋಗಿ ಆಡಿ, ಪ್ರಮಾಣಪತ್ರ ತಂದು ಗೋಡೆಗೆ ಅಂಟಿಸುತ್ತಾರೆ. ಎರಡು ವರ್ಷ ಬಿಟ್ಟು ಅದೇ ಮನೆಗೆ ಹೋಗಿ ನೋಡಿ. ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ. ಹುಡುಗಿ ಮಾತ್ರ ಮೈದಾನದಲ್ಲಿರುವುದಿಲ್ಲ. ನಡುವೆ ಆದದ್ದು ಇಷ್ಟೇ, ಅವಳು ದೊಡ್ಡವಳಾದಳು. ಹುಡುಗನ ಮೈ ಬೆಳೆದರೆ ತಂಡಕ್ಕೆ ಬಲ ಬಂತು ಎನ್ನುತ್ತೇವೆ. ಹುಡುಗಿಯ ಮೈ ಬೆಳೆದರೆ ಮನೆಗೆ ಭಯ ಬರುತ್ತದೆ.

ಆಗ ಮನೆಯಲ್ಲಿ ಕೇಳಿಬರುವ ಮಾತುಗಳು ನಿಮಗೆ ಗೊತ್ತಿರುವವೇ. 'ಬಿಸಿಲಲ್ಲಿ ಕಪ್ಪಾಗ್ತಾಳೆ.' 'ಬಿದ್ದು ಕೈಕಾಲು ಊನ ಆದ್ರೆ ಯಾರು ಮಾಡ್ಕೊಳ್ತಾರೆ?' 'ಚಡ್ಡಿ ಹಾಕ್ಕೊಂಡು ಹತ್ತು ಜನರ ಮುಂದೆ ಓಡೋದಾ?' ಈ ಮೂರು ಮಾತುಗಳ ಹಿಂದೆಯೂ ಒಬ್ಬ ಗಂಡಸು ಕೂತಿದ್ದಾನೆ. ನಾಳೆ ಹೆಣ್ಣು ನೋಡಲು ಬರಲಿರುವ, ಇನ್ನೂ ಹೆಸರೂ ಗೊತ್ತಿಲ್ಲದ ವರ ಅವನು. ಅವನಿಗೆ ಒಪ್ಪಿಸುವವರೆಗೆ ಈ ಮೈಗೆ ಗೀರು ಬೀಳದಂತೆ ಕಾಯುವುದು ತಂದೆ-ತಾಯಿಯ ಕೆಲಸ. ಬಣ್ಣ ಕಡಿಮೆಯಾದರೆ ಕೇಳುವ ದುಡ್ಡು ಹೆಚ್ಚು. ಮಂಡಿಯ ಮೇಲೆ ಗಾಯದ ಕಲೆಯಿದ್ದರೆ ಅದಕ್ಕೂ ಒಂದು ಬೆಲೆ. ಮದುವೆಯಾದ ಮೇಲೆ ಅವಳ ಮೇಲೆ ಕೈ ಎತ್ತುವವನ ತಲೆಯಲ್ಲಿರುವುದೂ ಇದೇ ಲೆಕ್ಕ: ಈ ಮೈ ಅವಳದಲ್ಲ, ನನ್ನದು. ಮಗಳನ್ನು ಮೈದಾನದಿಂದ ಒಳಗೆ ಕರೆಯುವ ಪ್ರೀತಿಗೂ ಗಂಡನ ಮನೆಯ ಹೊಡೆತಕ್ಕೂ ಬೇರು ಒಂದೇ ಆಗಿರುವುದರಿಂದ ಈ ವಿಷಯ ನಮ್ಮ ಸಭೆಗೆ ಸೇರಿದ್ದು.

ಹೆಣ್ಣಿನ ಮೈ ನಾಜೂಕು ಎನ್ನುವ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಚನ್ನಗಿರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಸುಲಿಯುವವರು ಯಾರು? ಹೊನ್ನಾಳಿ, ನ್ಯಾಮತಿ ಕಡೆಯ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವವರು ಯಾರು? ಜಗಳೂರಿನ ಬಿಸಿಲಿನಲ್ಲಿ ಶೇಂಗಾ ಕೀಳುವವರು, ಮೆಕ್ಕೆಜೋಳ ಮುರಿಯುವವರು, ತಲೆ ಮೇಲೆ ಕೊಡ ಹೊರುವವರು ಯಾರು? ಆಗ 'ಕಪ್ಪಾಗ್ತೀಯ, ನೆರಳಿಗೆ ಬಾ' ಎಂದು ಯಾರೂ ಕರೆಯುವುದಿಲ್ಲ. ಮೈದಾನದಲ್ಲಿ ಅವಳು ತನ್ನ ಖುಷಿಗೆ ಬೆವರು ಹರಿಸುವಾಗ ಮಾತ್ರ ಎಲ್ಲರಿಗೂ ಮಾನ-ಮರ್ಯಾದೆ ನೆನಪಾಗುತ್ತದೆ.

ನಮ್ಮ ನಾಡಿನಲ್ಲಿ ಈ ಗೆರೆ ದಾಟಿದ ಹೆಣ್ಣುಮಕ್ಕಳಿದ್ದಾರೆ. ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ನಾಯಕಿಯಾದರು. ಆ ಕಾಲದಲ್ಲಿ ಆಟಗಾರ್ತಿಯರು ಸೀಟು ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ ಪ್ರಯಾಣ ಮಾಡಿ ಆಡುತ್ತಿದ್ದರು. ಪುರುಷರಿಗೆ ಕೊಡುವಷ್ಟೇ ಪಂದ್ಯ ಶುಲ್ಕವನ್ನು ಮಹಿಳೆಯರಿಗೂ ಕೊಡುತ್ತೇವೆಂದು ಕ್ರಿಕೆಟ್ ಮಂಡಳಿ ಹೇಳಿದ್ದು 2022ರ ಅಕ್ಟೋಬರ್‌ನಲ್ಲಿ, ಅಂದರೆ 46 ವರ್ಷಗಳ ನಂತರ. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ಪನ್ನೇ ಗೆದ್ದುಕೊಂಡು ಬಂದರು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ರೈತ ಕುಟುಂಬದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ತಂಡಗಳಲ್ಲಿದ್ದರು. ಆಟದಿಂದಲೇ ಅವರಿಗೆ ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡ ಮಾಲತಿ ಹೊಳ್ಳ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಪಡೆದರು. ಕೈಕಾಲು ಊನವಾದರೆ ಬಾಳೇ ಮುಗಿಯಿತು ಎನ್ನುವವರಿಗೆ ಅವರ ಬದುಕೇ ಉತ್ತರ.

ಇನ್ನೊಬ್ಬ ಹುಡುಗಿಯ ವಿಷಯ ಹೇಳಲೇಬೇಕು. ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದರು. ಸರ್ಕಾರ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿದಾಗ ಅವರು ಮತ್ತು ಪುರುಷರ ತಂಡದಲ್ಲಿದ್ದ ಕರ್ನಾಟಕದ ಆಟಗಾರ ಇಬ್ಬರೂ ಅದನ್ನು ಒಪ್ಪಿಕೊಳ್ಳಲಿಲ್ಲ. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದಕ್ಕೆ ಹೋಲಿಸಿದರೆ ಇದು ತೀರಾ ಕಡಿಮೆ ಎಂದರು. ಹಳ್ಳಿಯ ಹುಡುಗಿಯೊಬ್ಬಳು ನನ್ನ ದುಡಿಮೆಗೆ ಈ ಬೆಲೆ ಸಾಲದು ಎಂದು ಸರ್ಕಾರಕ್ಕೇ ಹೇಳಬಲ್ಲಳು ಎಂದಾದರೆ, ನಾಳೆ ಮದುವೆ ಮಾತುಕತೆಯಲ್ಲಿ ಚಿನ್ನ, ಬೈಕು ಎಂದು ಪಟ್ಟಿ ಓದುವವರ ಮುಂದೆಯೂ ಅವಳ ಬಾಯಿ ಕಟ್ಟುವುದಿಲ್ಲ. ಆಟ ಕೊಡುವ ಪದಕಕ್ಕಿಂತ ಇದು ದೊಡ್ಡದು.

ಇವೆಲ್ಲ ಆಡುವವರ ಕಥೆ. ಆಡಿಸುವವರು ಯಾರು? ಮೈದಾನದಲ್ಲಿ ಸೀಟಿ ಯಾರ ಕೈಯಲ್ಲಿದೆ? ನನ್ನ ಇವತ್ತಿನ ಮುಖ್ಯ ಮಾತು ಇದೇ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಗಂಡಸರಿಗೂ ಹೆಂಗಸರಿಗೂ ಸರಿಸಮ ಸ್ಥಾನ ಕೊಟ್ಟರು. ಆದರೆ ಅಲ್ಲಿದ್ದ ತರಬೇತುದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 13 ಮಾತ್ರ. ಅಮೆರಿಕದಲ್ಲಿ ಶಾಲೆ-ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂಬ ಕಾನೂನು 1972ರಲ್ಲಿ ಬಂತು. ಅದಕ್ಕೆ ಮೊದಲು ಅಲ್ಲಿನ ಕಾಲೇಜು ಹುಡುಗಿಯರ ತಂಡಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ತಂಡಗಳಿಗೆ ಹೆಂಗಸರೇ ತರಬೇತಿ ಕೊಡುತ್ತಿದ್ದರು. ಕಾನೂನು ಬಂದ ಮೇಲೆ ಆಡುವ ಹುಡುಗಿಯರ ಸಂಖ್ಯೆ ಬಹಳ ಏರಿತು. ತರಬೇತಿ ಕೊಡುವ ಹೆಂಗಸರ ಪಾಲು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕಾರಣ ಸರಳ. ಆ ಕೆಲಸಕ್ಕೆ ಒಳ್ಳೆಯ ಸಂಬಳ, ಹೆಸರು ಬಂತು, ಗಂಡಸರು ಬಂದು ಕೂತರು. ಹಸು ಮೇಯಿಸಿ, ಸಗಣಿ ಬಾಚುವವಳು ಒಬ್ಬಳು, ಡೈರಿಯಲ್ಲಿ ಬಟವಾಡೆ ಇಸಿದುಕೊಳ್ಳುವವನು ಇನ್ನೊಬ್ಬ. ಇದು ನಮಗೆ ಹೊಸದಲ್ಲ.

ತರಬೇತಿ ಕೊಡುವವರು ಹೆಂಗಸರಾದರೆ ಏನು ವ್ಯತ್ಯಾಸ? ಹದಿಮೂರು ವರ್ಷದ ಹುಡುಗಿಗೆ ಮುಟ್ಟಿನ ಹೊಟ್ಟೆನೋವು ಬಂದರೆ ಮೇಷ್ಟ್ರ ಹತ್ತಿರ ಹೇಳಲಾರದೆ ಮನೆಯಲ್ಲೇ ಉಳಿಯುತ್ತಾಳೆ. ಬಟ್ಟೆ ಬದಲಿಸಲು ಜಾಗ ಬೇಕು ಎಂದು ಕೇಳಲು ನಾಚುತ್ತಾಳೆ. ದಾವಣಗೆರೆ ಸೀಮೆ ಕುಸ್ತಿಗೆ ಹೆಸರಾದದ್ದು, ಆದರೆ ಗರಡಿ ಮನೆಯ ಹೊಸ್ತಿಲು ಹೆಣ್ಣಿಗಲ್ಲ ಎಂದು ಕೇಳಿಕೊಂಡೇ ನಾವು ಬೆಳೆದೆವು. ಊರಿನ ಮೈದಾನದಲ್ಲಿ ಒಬ್ಬ ಟೀಚರಮ್ಮ ಸೀಟಿ ಹಿಡಿದು ನಿಂತರೆ 'ಇಲ್ಲಿ ನಿನಗೂ ಜಾಗ ಇದೆ' ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಪ್ಪನಿಗೂ ಕಳಿಸಲು ಧೈರ್ಯ ಬರುತ್ತದೆ. ದಾವಣಗೆರೆಯಲ್ಲಿ ಹುಟ್ಟಿದ ಮಮತಾ ಮಾಬೆನ್ ಭಾರತ ಕ್ರಿಕೆಟ್ ತಂಡದ ನಾಯಕಿಯಾಗಿದ್ದವರು. 2004ರಲ್ಲಿ ಶ್ರೀಲಂಕಾದ ವಿರುದ್ಧ ಬರೀ 10 ರನ್ ಕೊಟ್ಟು 6 ವಿಕೆಟ್ ತೆಗೆದರು. ಆಡುವುದು ಮುಗಿದ ಮೇಲೆ ತರಬೇತುದಾರರಾಗಿ ಬಾಂಗ್ಲಾದೇಶದ ಮಹಿಳಾ ತಂಡವನ್ನು ಬೆಳೆಸಿದರು. ನಮ್ಮ ಜಿಲ್ಲೆಯ ನೆಲದಲ್ಲಿ ಹುಟ್ಟಿದವರು ಬೇರೆ ದೇಶದ ಹುಡುಗಿಯರಿಗೆ ಆಟ ಕಲಿಸಿದರು. ನಮ್ಮ ಹೋಬಳಿಗಳಲ್ಲಿ ಕಲಿಸುವವರನ್ನು ನಾವು ಬೆಳೆಸಲಾರೆವೆ?

ರಕ್ಷಣೆಯ ಪ್ರಶ್ನೆಯೂ ಇದೆ. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಒಲಿಂಪಿಕ್ಸ್ ಕಂಚು ಗೆದ್ದ ಸಾಕ್ಷಿ ಮಲಿಕ್ ಮೊದಲಾದವರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದನ್ನು ಟಿ.ವಿ.ಯಲ್ಲಿ ನೋಡಿದ್ದೀರಿ. ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷರ ಮೇಲೆ ಅವರು ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅಧ್ಯಕ್ಷರು ಅದನ್ನು ಅಲ್ಲಗಳೆದರು, ವಿಷಯ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಏನೇ ಬರಲಿ, ಜಗತ್ತೇ ಗುರುತಿಸುವ ಆಟಗಾರ್ತಿಯರೂ ತಮ್ಮ ಮಾತು ಕೇಳಿಸಲು ಬೀದಿಗೆ ಬರಬೇಕಾಯಿತು ಎನ್ನುವುದನ್ನು ಮರೆಯಬಾರದು. ಹಾಗಿರುವಾಗ ಹಳ್ಳಿಯ ಹುಡುಗಿ ಯಾರ ಹತ್ತಿರ ಹೇಳಬೇಕು?

ಕಾನೂನು ಇದೆ, ಅದು ನಿಮಗೆ ಗೊತ್ತಿರಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾಂಗಣ, ತರಬೇತಿ ಕೇಂದ್ರ, ಪಂದ್ಯ ನಡೆಯುವ ಜಾಗ ಎಲ್ಲಕ್ಕೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಿಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹದಿನೆಂಟು ತುಂಬದ ಮಗುವಾದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ಆ ಕಾಯ್ದೆಯಲ್ಲಿ ಅಪರಾಧ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181. ಈ ಎರಡು ಸಂಖ್ಯೆ ಸಂಘದ ಪುಸ್ತಕದ ಮೊದಲ ಪುಟದಲ್ಲಿರಲಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಆಟ ಕಲಿತ ಹುಡುಗಿಗೆ ಯಾರೂ ಹೊಡೆಯಲಾರರು, ಸಂಪಾದನೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 2025ರ ಫೆಬ್ರುವರಿಯಲ್ಲಿ ಹರಿಯಾಣದಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದ ಹೆಣ್ಣುಮಗಳೇ ಗಂಡನ ಮನೆಯವರ ಮೇಲೆ ವರದಕ್ಷಿಣೆ ಕಿರುಕುಳದ ದೂರು ಕೊಟ್ಟರು. ಸತ್ಯ ಯಾವುದೆಂದು ಹೇಳಬೇಕಾದ್ದು ನ್ಯಾಯಾಲಯ. ಅದೇ ವರ್ಷ ಜುಲೈ 10ರಂದು ಗುರುಗ್ರಾಮದಲ್ಲಿ, ಆಟದ ಜೊತೆಗೆ ಮಕ್ಕಳಿಗೆ ಟೆನಿಸ್ ತರಬೇತಿಯನ್ನೂ ಕೊಡುತ್ತಿದ್ದ 25 ವರ್ಷದ ಯುವತಿಯೊಬ್ಬಳು ಮನೆಯಲ್ಲೇ ಗುಂಡಿಗೆ ಬಲಿಯಾದಳು. ಬಂಧಿತನಾದವನು ಅವಳ ತಂದೆ. ಮಗಳ ದುಡಿಮೆಯಲ್ಲಿ ಬದುಕುತ್ತೀಯ ಎಂದು ಊರವರು ಆಡಿಕೊಳ್ಳುತ್ತಿದ್ದುದು ಅವನಿಗೆ ಚುಚ್ಚುತ್ತಿತ್ತು ಎಂದು ಪೊಲೀಸರು ಹೇಳಿದರು. ಯೋಚಿಸಿ, ಮಗಳನ್ನು ಕೊಡುವಾಗ ಅಪ್ಪ ಸಾಲ ಮಾಡಿದರೆ ಊರು ಆಡಿಕೊಳ್ಳುವುದಿಲ್ಲ. ಮಗಳು ಕಲಿಸಿ ದುಡಿದರೆ ಆಡಿಕೊಳ್ಳುತ್ತದೆ. ಹೆಣ್ಣಿನ ತೋಳಿಗೆ ಬಲ ಬಂದರೆ ಸಾಲದು, ಅವಳ ಬೆನ್ನ ಹಿಂದೆ ಜನ ಇರಬೇಕು. ಆ ಜನ ಎಂದರೆ ಈ ಸಂಘಗಳು.

ಹಾಗಾದರೆ ನಾವು ಏನು ಮಾಡಬಹುದು? ನಮ್ಮ ಕೈಗೆ ನಿಲುಕುವಷ್ಟನ್ನೇ ಹೇಳುತ್ತೇನೆ.

ಮೊದಲನೆಯದು, ಗ್ರಾಮಸಭೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಹೆಣ್ಣಿಗೆ ಮೀಸಲು. ಶಾಲೆಯ ಮೈದಾನ ಸಮತಟ್ಟಾಗಿದೆಯೇ, ಬಾಗಿಲು-ನೀರು ಇರುವ ಶೌಚಾಲಯ ಇದೆಯೇ, ದೈಹಿಕ ಶಿಕ್ಷಕಿಯ ಹುದ್ದೆ ಖಾಲಿ ಇದೆಯೇ ಎಂದು ಕೇಳಿ, ನಡಾವಳಿಯಲ್ಲಿ ಬರೆಸಿ. ನ್ಯಾಮತಿ ಹೊಸ ತಾಲ್ಲೂಕು. ಅಲ್ಲಿ ಮುಂದೆ ಏನೇ ಕಟ್ಟುವುದಿದ್ದರೂ ಹುಡುಗಿಯರು ಬಟ್ಟೆ ಬದಲಿಸುವ ಕೋಣೆ ನಕ್ಷೆಯಲ್ಲೇ ಇರಲಿ.

ಎರಡನೆಯದು, ಸಂಜೆಯ ಕಾವಲು. ಪಾಳಿ ಹಾಕಿಕೊಂಡು ದಿನಕ್ಕೆ ಇಬ್ಬರು ತಾಯಂದಿರು ಮೈದಾನದ ಅಂಚಿನಲ್ಲಿ ಕೂತರೆ ಸಾಕು, ಎಷ್ಟೋ ಹುಡುಗಿಯರು ಆಟ ಬಿಡುವುದಿಲ್ಲ. ತಂಡ ಪರವೂರಿಗೆ ಹೊರಟರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕೆಂದು ಹಟ ಹಿಡಿಯಿರಿ. ಕಲಿಸುವವರು ಗಂಡಸಾಗಲಿ ಹೆಂಗಸಾಗಲಿ ಈ ನಿಯಮ ಒಂದೇ.

ಮೂರನೆಯದು, ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವಿಲ್ಲ. ಆದರೆ ಆಟ ಮುಗಿಯುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಅದರಿಂದ ಉಪಯೋಗವಿಲ್ಲ. ಜಗಳೂರಿನ ದೂರದ ಹಳ್ಳಿಗಳವರು ಸಂಜೆಯ ಬಸ್ಸಿಗಾಗಿ ಒಟ್ಟಾಗಿ ಅರ್ಜಿ ಕೊಡಿ.

ನಾಲ್ಕನೆಯದು, ಸಾಲ. ನಮ್ಮ ಸಂಘಗಳಲ್ಲಿ ಮದುವೆ ಖರ್ಚಿಗೆಂದು ಸಾಲ ಕೇಳಿದರೆ ಯಾರೂ ಎರಡು ಮಾತಾಡುವುದಿಲ್ಲ. ಪದವಿ ಮುಗಿಸಿದ ಹುಡುಗಿ ಬಿ.ಪಿ.ಎಡ್. ಓದುತ್ತೇನೆ ಎಂದರೆ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತುದಾರರ ಕೋರ್ಸಿಗೆ ಹೋಗುತ್ತೇನೆ ಎಂದರೆ ಅಷ್ಟೇ ಸುಲಭವಾಗಿ ಕೊಡೋಣ. ವರದಕ್ಷಿಣೆಗೆ ಮಾಡಿದ ಸಾಲ ಇನ್ನೊಬ್ಬರ ಮನೆ ಸೇರುತ್ತದೆ. ಈ ಸಾಲ ಒಬ್ಬ ಶಿಕ್ಷಕಿಯಾಗಿ ಊರಿಗೆ ಹಿಂದಿರುಗುತ್ತದೆ. ಅವಳ ಕೈಯಲ್ಲಿ ಮುಂದೆ ನೂರಾರು ಹುಡುಗಿಯರು ಆಡುತ್ತಾರೆ.

ಐದನೆಯದು ನಮ್ಮ ವಿಷಯ. ಮಹಿಳಾ ದಿನಾಚರಣೆ ಬಂದರೆ ನಮಗೆ ಇಡುವ ಸ್ಪರ್ಧೆಗಳು ಯಾವುವು? ರಂಗೋಲಿ, ಚಮಚದಲ್ಲಿ ನಿಂಬೆಹಣ್ಣು, ಕುರ್ಚಿ ಆಟ! ಒಂದು ಕುರ್ಚಿಗಾಗಿ ನಾವೇ ಒಬ್ಬರನ್ನೊಬ್ಬರು ತಳ್ಳಿಕೊಳ್ಳುವ ಆಟ ಸಾಕು. ಈ ವರ್ಷ ಚನ್ನಗಿರಿಯವರು ಹೊನ್ನಾಳಿಯವರ ಮೇಲೆ ಖೋಖೋ ಆಡಲಿ, ಜಗಳೂರಿನವರು ನ್ಯಾಮತಿಯವರ ಮೇಲೆ ಕಬಡ್ಡಿ ಆಡಲಿ. ಸೀರೆ ಎತ್ತಿ ಕಟ್ಟಿ ನಾಟಿ ಮಾಡುವ ನಮಗೆ ಅದೇನು ದೊಡ್ಡ ವಿಷಯವಲ್ಲ. ಅಮ್ಮ ಓಡಿದ್ದನ್ನು ಕಣ್ಣಾರೆ ಕಂಡ ಮಗಳನ್ನು ಮನೆಯೊಳಗೆ ಕೂರಿಸುವುದು ಕಷ್ಟ.

ಅಂಪೈರು ಕೂಡ ನಮ್ಮವರೇ ಆಗಿರಲಿ. ಸೀಟಿ ತಂದಿಟ್ಟುಕೊಳ್ಳುವುದು ಯಾವ ಸಂಘಕ್ಕೂ ಭಾರವಲ್ಲ. ದಿನಾಂಕ ಗೊತ್ತುಮಾಡಿ ತಿಳಿಸಿ, ನಾನೂ ಬರುತ್ತೇನೆ.